ಎಷ್ಟು ವರ್ಷಕ್ಕೆ ಸಹಿ?

ಇದು ಅಹಮದಾಬಾದಿನ ನರೋಡಾದಲ್ಲಿ 2025ರ ಆಗಸ್ಟ್ ತಿಂಗಳಲ್ಲಿ ನಡೆದ ಮಾತು. ಮಾವ ಬೆಂಗಳೂರಿನ ದೂರವಾಣಿನಗರದಲ್ಲಿ, ಐಟಿಐ ಕಾಲೊನಿಯಲ್ಲಿ ಬೆಳೆದವರು. ನರೋಡಾ ಜಿಐಡಿಸಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ದುಡಿದು, ನಿವೃತ್ತಿಯ ಮೇಲೂ ಇಲ್ಲಿಯೇ ನೆಲೆ ನಿಂತವರು. ಸೊಸೆ ಅವರ ಅಕ್ಕನ ಮಗಳು, ಕೆಲಸದ ಮೇಲೆ ಈ ಊರಿಗೆ ಬಂದವಳು, ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ನಿಂತು ಬೆಂಗಳೂರು ಎಫ್‌ಸಿಗಾಗಿ ಕೂಗುವವಳು. ಮಾತು ಶುರುವಾದದ್ದು ಕ್ರಿಕೆಟ್ಟಿನಿಂದ. ಈ ಊರಿನಲ್ಲಿ ಆಟದ ಮಾತು ಅಲ್ಲಿಂದಲೇ ಶುರುವಾಗುವುದು.

ಸೊಸೆ: ಪಕ್ಕದ ಮನೆಯವರು ಕೇಳಿದರು ಮಾವ, ನಿಮ್ಮ ಬೆಂಗಳೂರು ಇಲ್ಲೇ ಬಂದು ಕಪ್ ಗೆದ್ದುಕೊಂಡು ಹೋಯಿತಲ್ಲ, ಇನ್ನೂ ಯಾಕೆ ಮುಖ ಸಪ್ಪಗಿದೆ ಅಂತ. ಅವರು ಹೇಳಿದ್ದು ಆರ್‌ಸಿಬಿಯ ಮಾತು. ಜೂನ್ 3ರಂದು ಮೊಟೇರಾದಲ್ಲಿ ಪಂಜಾಬನ್ನು ಆರು ರನ್ನಿನಿಂದ ಸೋಲಿಸಿದ್ದು. ಆ ಗೆಲುವು ನೆನೆದರೆ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸತ್ತ 11 ಜನ ನೆನಪಾಗ್ತಾರೆ, ಅದನ್ನು ಅವರಿಗೆ ಹೇಗೆ ಹೇಳಲಿ? ಅದೇ ಊರಿನ ಇನ್ನೊಂದು ತಂಡ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಐಎಸ್‌ಎಲ್ ಫೈನಲ್ ಸೋತಿತು, ಈಗ ಆಟಗಾರರ ಸಂಬಳವನ್ನೇ ನಿಲ್ಲಿಸಿದೆ ಅಂದರೆ, ಅದು ಯಾವ ತಂಡ ಅಂತ ಕೇಳ್ತಾರೆ.

ಮಾವ: ತಂಡ ಯಾವುದು ಅಂತ ಗೊತ್ತಿರಲಿಕ್ಕಿಲ್ಲ. ಆದರೆ ನಿನ್ನ ಸಂಕಟ ಏನು ಅಂತ ಬಿಡಿಸಿ ಹೇಳಿದರೆ ಅವರಿಗೆ ಚೆನ್ನಾಗಿಯೇ ಅರ್ಥ ಆಗುತ್ತೆ. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್ ಟೈಟನ್ಸ್ ಬಿಟ್ಟು ಮುಂಬೈಗೆ ಹೋದಾಗ ಈ ಬೀದಿಯನ್ನು ನೀನು ನೋಡಬೇಕಿತ್ತು. ವಡೋದರಾದಲ್ಲಿ ಆಟ ಕಲಿತ ಹುಡುಗ. 2022ರಲ್ಲಿ ತಂಡ ಹುಟ್ಟಿದ ಮೊದಲ ವರ್ಷವೇ ಮೊಟೇರಾದಲ್ಲಿ ಕಪ್ ಎತ್ತಿದ, ಮರುವರ್ಷ ಮತ್ತೆ ಫೈನಲ್ಲಿಗೆ ಕರೆದೊಯ್ದ. ನಾಯಕನನ್ನೇ ಬಿಟ್ಟುಕೊಡುವುದು ಅಂದರೆ ಏನು ಅಂತ ನಾಲ್ಕೈದು ದಿನ ಚಹಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. 2024ರ ಮಾರ್ಚ್ 24ರಂದು ಅವನು ಮುಂಬೈ ನಾಯಕನಾಗಿ ಮೊಟೇರಾಕ್ಕೆ ಬಂದ. ಇಡೀ ಕ್ರೀಡಾಂಗಣ ಅವನನ್ನು ಹೀಯಾಳಿಸಿತು.

ಸೊಸೆ: ಅಲ್ಲೇ ಇರೋದು ವ್ಯತ್ಯಾಸ. ಅವರು ಕೂಗಿದ್ದು ಹೋದವನ ಮೇಲೆ. ನನಗೆ ಹೋದವರ ಮೇಲೆ ಒಂದಿಷ್ಟೂ ಸಿಟ್ಟಿಲ್ಲ. ಉದಾಂತ ಸಿಂಗ್ 2014ರಲ್ಲಿ ಬೆಂಗಳೂರಿಗೆ ಬಂದಾಗ ಇನ್ನೂ ಹುಡುಗ. ಒಂಬತ್ತು ವರ್ಷ ಬಲ ಅಂಚಿನಲ್ಲಿ ಓಡಿದ. 2023ರ ಬೇಸಿಗೆಯಲ್ಲಿ ಗೋವಾಕ್ಕೆ ಹೋದ. ಅವನು ಗೋವಾದ ಅಂಗಿ ತೊಟ್ಟು ಕಂಠೀರವಕ್ಕೆ ಬಂದರೂ ಅವನ ಹೆಸರು ಕೇಳಿದರೆ ನನಗೆ ಖುಷಿಯೇ ಆಗುತ್ತೆ. ನನ್ನ ಸಿಟ್ಟು ಕಳಿಸಿದವರ ಮೇಲೆ. ಅದಕ್ಕಿಂತ ಹೆಚ್ಚಾಗಿ, ಏನೂ ಹೇಳದೆ ಕಳಿಸಿದ್ದರ ಮೇಲೆ.

ಮಾವ: ಏನು ಹೇಳಬೇಕಿತ್ತು?

ಸೊಸೆ: ಆ ಬೇಸಿಗೆಯನ್ನೇ ತೆಗೆದುಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಗೆದ್ದೆವು, ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್. ರಾಯ್ ಕೃಷ್ಣ ತಲೆಕೊಟ್ಟು ಹೊಡೆದ ಗೋಲಿನಿಂದ 2-1 ಮುಂದಿದ್ದೆವು, ಆಮೇಲೆ ಸಮ ಆಯಿತು, ಪೆನಾಲ್ಟಿಯಲ್ಲಿ ಸೋತೆವು. ಏಪ್ರಿಲ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ ಸೂಪರ್ ಕಪ್ ಫೈನಲ್, ಅದನ್ನೂ ಒಡಿಶಾ ಎದುರು ಸೋತೆವು. ಒಂದೇ ಋತುವಿನಲ್ಲಿ ಮೂರು ಫೈನಲ್ ಆಡಿದ ತಂಡ ಮಾವ! ಆ ತಂಡವನ್ನು ಹಾಗೇ ಇಟ್ಟು, ಇನ್ನಿಬ್ಬರನ್ನು ಸೇರಿಸಿದ್ದರೆ ಸಾಕಿತ್ತು. ಬೇಸಿಗೆ ಮುಗಿಯೋ ಹೊತ್ತಿಗೆ ರಾಯ್ ಕೃಷ್ಣ ಒಡಿಶಾಕ್ಕೆ, ಸಂದೇಶ್ ಝಿಂಗನ್ ಗೋವಾಕ್ಕೆ, ಉದಾಂತನೂ ಗೋವಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ. ಬ್ರೂನೊ ರಮೀರೆಸ್, ಅಲನ್ ಕೋಸ್ಟಾ, ಅವರೂ ಇಲ್ಲ. ಮುಂದಿನ ಋತುವಿನಲ್ಲಿ 12 ತಂಡಗಳಲ್ಲಿ ನಾವು 10ನೆಯವರು. ನಡುವೆ ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಕೂಡ ಹೋದರು. ಪ್ರತಿ ಆಟಗಾರನಿಗೂ ಒಂದು ಚಿತ್ರ, ಒಂದು ಧನ್ಯವಾದ, ಮುಗೀತು. ಯಾಕೆ ಅಂತ ಒಂದು ಸಾಲು ಇಲ್ಲ. ದುಡ್ಡು ಸಾಲದೇ? ಅವರೇ ಹೋಗ್ತೀನಿ ಅಂದರೇ? ಕೋಚಿಗೆ ಬೇಡವಾದರೇ? ಸೋತಾಗ ಅಭಿಮಾನಿ ಸಹನೆಯಿಂದ ಇರಬೇಕು ಅಂತಾರೆ. ಸಹನೆಗೆ ಕಾರಣವಾದರೂ ಬೇಕಲ್ಲ.

ಮಾವ: ಈ ದೇಶದಲ್ಲಿ ಅವರೆಲ್ಲ ಹೋಗುವುದು ಹೇಗೆ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತೆ. ಇಂಗ್ಲೆಂಡಿನ ಹಾಗೆ ಇಲ್ಲಿ ಒಂದು ಕ್ಲಬ್ಬು ಇನ್ನೊಂದಕ್ಕೆ ಕೋಟಿಗಟ್ಟಲೆ ಕೊಟ್ಟು ಆಟಗಾರನನ್ನು ಕೊಳ್ಳುವುದು ಅಪರೂಪ. ಒಪ್ಪಂದ ಮುಗಿಯುತ್ತೆ, ಹುಡುಗ ಎದ್ದು ಹೋಗ್ತಾನೆ. ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ಬಿನ ಜೊತೆ ಮಾತಾಡಿ ಸಹಿ ಹಾಕುವ ಹಕ್ಕನ್ನು ಫಿಫಾ ನಿಯಮವೇ ಕೊಟ್ಟಿದೆ. ಹಾಗಾಗಿ ಮೇ ತಿಂಗಳಲ್ಲಿ ನೀನು ಅಳುವ ಸುದ್ದಿ ಜನವರಿಯಲ್ಲೇ ಆಗಿಹೋಗಿರುತ್ತೆ.

ಸೊಸೆ: ಅದು ಗೊತ್ತು. ಆ ಹಕ್ಕು ಬೇಡ ಅಂತ ನಾನು ಯಾವತ್ತೂ ಅನ್ನಲ್ಲ. 1995ಕ್ಕೆ ಮುಂಚೆ ಯುರೋಪಿನಲ್ಲಿ ಒಪ್ಪಂದ ಮುಗಿದ ಮೇಲೂ ಕ್ಲಬ್ಬು ಆಟಗಾರನನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. ಬೆಲ್ಜಿಯಂನ ಜೀನ್-ಮಾರ್ಕ್ ಬೊಸ್‌ಮನ್ ಕೋರ್ಟಿಗೆ ಹೋಗಿ, ವರ್ಷಗಟ್ಟಲೆ ಕಾದು, ತನ್ನ ಆಟವನ್ನೇ ಕಳೆದುಕೊಂಡು ಅದನ್ನು ಗೆದ್ದುಕೊಟ್ಟ. ಅವನ ಹೋರಾಟದ ಫಲ ಉದಾಂತನಿಗೂ ಸಿಕ್ಕಿದರೆ ನನಗೆ ಸಂತೋಷ. ನನ್ನ ಪ್ರಶ್ನೆ ಅದಕ್ಕಿಂತ ಹಿಂದಿನದು. ಒಪ್ಪಂದವನ್ನೇ ಯಾಕೆ ಅಷ್ಟು ಚಿಕ್ಕದು ಬರೀತೀರಿ? ವಿದೇಶದಿಂದ ಬರೋ ಎಷ್ಟೋ ಜನರಿಗೆ ಒಂದು ವರ್ಷ. ಬಾಡಿಗೆ ಮನೆಯ ಹನ್ನೊಂದು ತಿಂಗಳ ಕರಾರಿನ ಹಾಗೆ. ಗೋಡೆಗೆ ಮೊಳೆ ಹೊಡೆಯೋಕ್ಕೂ ಮನಸ್ಸು ಬರಲ್ಲ ಅವರಿಗೆ. ನಮಗೂ ಅಷ್ಟೇ. ಹೆಸರು ಸರಿಯಾಗಿ ಕೂಗೋಕೆ ಕಲಿಯೋ ಹೊತ್ತಿಗೆ ಹೊರಟಿರ್ತಾರೆ.

ಮಾವ: ನಾನು ಬೆಳೆದ ಕಡೆ ಯಾರೂ ಹೊರಡುತ್ತಿರಲಿಲ್ಲ. ಐಟಿಐ, ಎಚ್‌ಎಎಲ್, ಇವೆಲ್ಲ ಕಾರ್ಖಾನೆ ತಂಡಗಳು. ಆಟಗಾರ ಅಂದರೆ ಕಾರ್ಖಾನೆಯ ನೌಕರ. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಶಾಪ್ ಫ್ಲೋರು, ಸಂಜೆ ಬೆಂಗಳೂರು ಲೀಗಿನ ಪಂದ್ಯ. ಇರಲಿಕ್ಕೆ ಕ್ವಾರ್ಟರ್ಸು, ಮಕ್ಕಳಿಗೆ ಕಾಲೊನಿಯ ಶಾಲೆ, ಕೊನೆಗೆ ಪಿಂಚಣಿ. ನಮ್ಮ ಲೆಫ್ಟ್ ಬ್ಯಾಕು ನಮ್ಮ ಬೀದಿಯಲ್ಲೇ ಇರ್ತಿದ್ದ. ಭಾನುವಾರ ತಪ್ಪು ಪಾಸ್ ಕೊಟ್ಟರೆ ಸೋಮವಾರ ರೇಷನ್ ಅಂಗಡಿಯಲ್ಲಿ ಜನ ಅವನನ್ನೇ ಕೇಳ್ತಿದ್ದರು. ಅವನು ಉತ್ತರ ಕೊಡ್ತಿದ್ದ.

ಸೊಸೆ: ನೋಡಿ, ನಾನು ಕೇಳ್ತಿರೋದೂ ಅದನ್ನೇ.

ಮಾವ: ಅದು ಪ್ರೀತಿಯಿಂದ ಮಾತ್ರ ನಡೆದದ್ದು ಅಂದುಕೋಬೇಡ. ನೌಕರಿ ಇತ್ತು, ಅದಕ್ಕೆ ಉಳಿದರು. ನೌಕರಿ ಸಿಗದವರು, ಅಥವಾ ಆ ನೌಕರಿಗಿಂತ ದೊಡ್ಡ ಆಟ ಇದ್ದವರು ಊರು ಬಿಟ್ಟರು. ನಮ್ಮ ಊರಿನ ಫುಟ್‌ಬಾಲ್ ಚರಿತ್ರೆ ಅಂದರೆ ಬಿಟ್ಟುಹೋದವರ ಚರಿತ್ರೆ. ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ, 1938ರಲ್ಲಿ ರೋವರ್ಸ್ ಕಪ್ ಗೆದ್ದ ತಂಡ. ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೇ ಅದು. ಅಂಥ ಊರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮೂರವನು. ಆ ಪಂದ್ಯದಲ್ಲಿ ಜೊತೆಗಿದ್ದ ಅಹ್ಮದ್ ಖಾನ್ ನಮ್ಮೂರವನು. 1949ರಲ್ಲಿ ಈಸ್ಟ್ ಬೆಂಗಾಲ್ ಕರೆಯಿತು, ಅಹ್ಮದ್ ಖಾನ್ ಕೋಲ್ಕತ್ತಕ್ಕೆ ಹೋದ. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್, ಈ ಐವರನ್ನು ಪಂಚಪಾಂಡವರು ಅಂತ ಕರೆದರು. ಒಬ್ಬನೂ ಬಂಗಾಳಿ ಅಲ್ಲ, ಎಲ್ಲರೂ ದಕ್ಷಿಣದವರು.

ಸೊಸೆ: ಹೊರಗಿನಿಂದ ಬಂದವರೇ. ಆದರೂ ಕೋಲ್ಕತ್ತದವರು ಇವತ್ತಿಗೂ ಐದೂ ಹೆಸರು ಹೇಳ್ತಾರೆ. ಯಾಕೆ ಮಾವ?

ಮಾವ: ಗೆದ್ದರು, ಅದಕ್ಕೆ.

ಸೊಸೆ: ಗೆದ್ದವರು ಇನ್ನೂ ಎಷ್ಟೋ ಜನ ಇದ್ದಾರೆ. ಆ ಐವರು ನಾಲ್ಕೈದು ಋತು ಒಟ್ಟಿಗೆ ಆಡಿದರು. ಅಹ್ಮದ್ ಖಾನ್ ಹತ್ತು ವರ್ಷ ಅಲ್ಲಿದ್ದ. ಒಬ್ಬ ಓಡಿದರೆ ಇನ್ನೊಬ್ಬ ಎಲ್ಲಿರ್ತಾನೆ ಅಂತ ಮೈದಾನದ ಹೊರಗೆ ನಿಂತವನಿಗೂ ಗೊತ್ತಿರ್ತಿತ್ತು. ಅಭಿಮಾನಿಗೆ ಬೇಕಾದದ್ದು ಆ ಗೊತ್ತಿರುವಿಕೆ. ಹೊರಗಿನವನು, ನಮ್ಮೂರಿನವನು ಅನ್ನೋ ಲೆಕ್ಕವೇ ಅಲ್ಲ ಅದು. ಬೆಂಗಳೂರಿಗೆ ಮಿಕು ವೆನೆಜುವೆಲಾದಿಂದ ಬಂದ, ಹುವಾನನ್, ದಿಮಾಸ್ ಸ್ಪೇನಿನಿಂದ, ಎರಿಕ್ ಪಾರ್ತಾಲು ಆಸ್ಟ್ರೇಲಿಯಾದಿಂದ. ಅವರು ಎರಡರಿಂದ ಐದು ವರ್ಷ ಇದ್ದರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಹೆಚ್ಚುವರಿ ವೇಳೆಯಲ್ಲಿ ರಾಹುಲ್ ಭೇಕೆ ತಲೆಕೊಟ್ಟು ಹೊಡೆದ ಗೋಲಿನಿಂದ ಗೋವಾವನ್ನು ಸೋಲಿಸಿ ಕಪ್ ಗೆದ್ದೆವಲ್ಲ, ಆ ತಂಡದ ಹನ್ನೊಂದು ಹೆಸರು ನನ್ನ ಗೆಳತಿಯರೆಲ್ಲ ಬಾಯಿಪಾಠ ಹೇಳ್ತಾರೆ. 2023-24ರ ತಂಡದ್ದು ಹೇಳಿ ಅಂದರೆ ತಡವರಿಸ್ತಾರೆ. ಅದು ಹೋಗಿ ಒಂದೂವರೆ ವರ್ಷವೂ ಆಗಿಲ್ಲ!

ಮಾವ: ಭೇಕೆಯನ್ನೂ ಬಿಟ್ಟರಲ್ಲ.

ಸೊಸೆ: 2021ರ ಬೇಸಿಗೆ. ಭೇಕೆ ಮುಂಬೈಗೆ, ಖಾಬ್ರಾ ಕೇರಳಕ್ಕೆ, ಹುವಾನನ್ ಹೈದರಾಬಾದಿಗೆ; ದಿಮಾಸ್, ಪಾರ್ತಾಲು ಕೂಡ ಹೋದರು. ಕಪ್ ಗೆದ್ದ ತಂಡದ ಬೆನ್ನೆಲುಬೇ ಒಂದು ಬೇಸಿಗೆಯಲ್ಲಿ ಹೋಯ್ತು. ವಯಸ್ಸಾಗಿತ್ತು, ಬದಲಾಯಿಸಬೇಕಿತ್ತು, ಒಪ್ಪುತ್ತೀನಿ. ಆದರೆ ಬದಲಾಯಿಸೋದಕ್ಕೆ ಕ್ರಮ ಇರುತ್ತೆ. ಈ ವರ್ಷ ಇಬ್ಬರು, ಮುಂದಿನ ವರ್ಷ ಇಬ್ಬರು. ಹೋಗುವವನ ಪಕ್ಕದಲ್ಲಿ ಬರುವವನು ಒಂದು ವರ್ಷ ಆಡಬೇಕು. ಆಮೇಲೆ ನೋಡಿ, 2024ರಲ್ಲಿ ಅದೇ ಭೇಕೆಯನ್ನು ವಾಪಸ್ ಕರೆಸಿದರು. ಮುಂಬೈಯಲ್ಲಿ ಅವನು ಲೀಗ್ ಗೆದ್ದು, ಅವರ ನಾಯಕನೂ ಆಗಿ, 33 ತುಂಬಿದ ಮೇಲೆ ನಮ್ಮಲ್ಲಿಗೆ ಬಂದ. ಅವನ ಒಳ್ಳೆಯ ಮೂರು ವರ್ಷ ಬೇರೆಯವರಿಗೆ ಹೋದವು. ಅವನು ಕಂಠೀರವದಲ್ಲಿ ಮತ್ತೆ ಇಳಿದಾಗ ಮನಸಾರೆ ಚಪ್ಪಾಳೆ ತಟ್ಟಿದ್ದೀವಿ. ತಟ್ಟುವಾಗಲೂ ಆ ಮೂರು ವರ್ಷ ಕಣ್ಣಮುಂದೆ ಬರ್ತಿತ್ತು.

ಮಾವ: ಹಾಗಂತ 2024ರ ಬೇಸಿಗೆಯನ್ನು ಕೆಟ್ಟದ್ದು ಅನ್ನೋ ಹಾಗಿಲ್ಲ. 10ನೆಯ ಸ್ಥಾನದಲ್ಲಿದ್ದ ತಂಡಕ್ಕೆ ನೊಗೆರಾ ಬಂದ, ಎಡ್ಗರ್ ಮೆಂಡೆಸ್ ಬಂದ, ಪೆರೇರಾ ಡಿಯಾಸ್ ಬಂದ, ಪೆದ್ರೊ ಕಾಪೊ ಬಂದ. ಮರುವರ್ಷ ಪ್ಲೇ-ಆಫ್‌ನಲ್ಲಿ ಮುಂಬೈಗೆ ಐದು ಗೋಲು, ಗೋವಾ ವಿರುದ್ಧ ಸೆಮಿಫೈನಲ್ ಗೆಲುವು, ಆಮೇಲೆ ಫೈನಲ್. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಹೆಚ್ಚುವರಿ ವೇಳೆಯಲ್ಲಿ 2-1ರಿಂದ ಗೆದ್ದಿತು, ಅಷ್ಟೇ. ಒಂದೇ ಬೇಸಿಗೆಯಲ್ಲಿ ತಂಡ ಕಟ್ಟಬಹುದು ಅಂತ ಅವರು ತೋರಿಸಿದರಲ್ಲ?

ಸೊಸೆ: ತೋರಿಸಿದರು. ನಾನು ಆ ವರ್ಷ ಸಂತೋಷಪಟ್ಟಷ್ಟು 2019ರ ನಂತರ ಪಟ್ಟಿರಲಿಲ್ಲ. ಆದರೆ ಹೆಸರುಗಳ ವಯಸ್ಸು ನೋಡಿ. ನೀವು ಹೇಳಿದ ಎಲ್ಲರೂ ಮೂವತ್ತು ದಾಟಿದವರು. ಮತ್ತು ಅವರೆಲ್ಲರಿಗಿಂತ ಹೆಚ್ಚು ಗೋಲು ಹೊಡೆದವರು ಯಾರು? 40 ವರ್ಷದ ಸುನಿಲ್ ಛೆಟ್ರಿ. 14 ಗೋಲು. ಫತೋರ್ಡಾದಲ್ಲಿ ಕೊನೆಯ ಗಳಿಗೆಯಲ್ಲಿ ತಲೆಕೊಟ್ಟು ನಮ್ಮನ್ನು ಫೈನಲ್ಲಿಗೆ ಒಯ್ದದ್ದೂ ಅವರೇ. 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದವರನ್ನು 2025ರ ಮಾರ್ಚ್‌ನಲ್ಲಿ ವಾಪಸ್ ಕರೆಸಿಕೊಳ್ಳಬೇಕಾಯಿತು. ಅವರ ಬಗ್ಗೆ ನನಗಿರೋ ಗೌರವ ನಿಮಗೆ ಗೊತ್ತು. ಆದರೆ ಅವರು ಉಳಿದಿರೋದರಿಂದ ಕ್ಲಬ್ಬಿನ ಹತ್ತು ಬೇಸಿಗೆಗಳ ಕೆಲಸ ಮರೆಯಲ್ಲೇ ಉಳಿದುಹೋಯ್ತು. ಅವರ ಜಾಗಕ್ಕೆ ಯಾರು ಅನ್ನೋ ಪ್ರಶ್ನೆಯನ್ನು ಪ್ರತಿ ಜೂನ್‌ನಲ್ಲಿ ಮುಂದಕ್ಕೆ ಹಾಕ್ತಾ ಬಂದರು.

ಮಾವ: ಅವರನ್ನು ಈ ಊರಲ್ಲಿ ನಾನು ಕಣ್ಣಾರೆ ನೋಡಿದ್ದೀನಿ. 2019ರ ಜುಲೈ, ಕಾಂಕರಿಯಾ ಕೆರೆಯ ಪಕ್ಕದ ಟ್ರಾನ್ಸ್‌ಸ್ಟೇಡಿಯಾದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್. ತಜಿಕಿಸ್ತಾನದ ಎದುರು ಮೊದಲರ್ಧದಲ್ಲೇ ಎರಡು ಗೋಲು ಹೊಡೆದರು. ಮೊದಲನೆಯದು ಪೆನಾಲ್ಟಿ, ಮೆಲ್ಲಗೆ ಎತ್ತಿ ಬಿಟ್ಟ ಚೆಂಡು. ಆಮೇಲೆ ಭಾರತ 4-2ರಿಂದ ಸೋತಿತು. ಕ್ರಿಕೆಟ್ ಬಿಟ್ಟು ಇನ್ನೊಂದಕ್ಕೆ ಟಿಕೆಟ್ ಕೊಳ್ಳದ ಹುಡುಗರು ಅವತ್ತು ಕೊನೆಯವರೆಗೂ ಕೂತಿದ್ದರು. 2015ರಲ್ಲಿ ಅವರನ್ನೂ ಮುಂಬೈ ಸಿಟಿ ಹರಾಜಿನಲ್ಲಿ ಕೊಂಡಿತ್ತಲ್ಲವೇ?

ಸೊಸೆ: 1.2 ಕೋಟಿಗೆ. ಆಗ ಎರಡು ಲೀಗ್. ಬೆಂಗಳೂರು ಇದ್ದದ್ದು ಐ-ಲೀಗ್‌ನಲ್ಲಿ, ಐಎಸ್‌ಎಲ್ ನಡೆಯೋ ತಿಂಗಳುಗಳಲ್ಲಿ ನಮ್ಮವರೆಲ್ಲ ಬೇರೆ ಬೇರೆ ಊರಿನ ಅಂಗಿ ತೊಡ್ತಿದ್ದರು. ಯೂಜಿನ್ಸನ್ ಲಿಂಗ್ಡೊ ಪುಣೆಗೆ 1.05 ಕೋಟಿಗೆ ಹೋದ. ಋತು ಮುಗಿದ ಮೇಲೆ ವಾಪಸ್ ಬರ್ತಿದ್ದರು. ಅದೇ ಹುಡುಗರು 2016ರಲ್ಲಿ ಎಎಫ್‌ಸಿ ಕಪ್ ಫೈನಲ್ಲಿಗೆ ಹೋದರು, ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದ ಎದುರು 1-0 ಸೋಲು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಏರಿರಲಿಲ್ಲ. 2017ರಲ್ಲಿ ಐಎಸ್‌ಎಲ್‌ಗೆ ಸೇರಿದಾಗ ನಿಯಮ ಏನು ಹೇಳ್ತು ಗೊತ್ತೇ? ಹಿರಿಯ ಆಟಗಾರರಲ್ಲಿ ಇಬ್ಬರನ್ನು ಮಾತ್ರ ಉಳಿಸಿಕೊಳ್ಳಿ, ಜೊತೆಗೆ 21ರ ಒಳಗಿನ ಕೆಲವರು. ಛೆಟ್ರಿ, ಉದಾಂತ ಉಳಿದರು. ಏಷ್ಯಾದ ಫೈನಲ್ ಆಡಿದ ತಂಡ ಚದುರಿಹೋಯ್ತು. ವಿನೀತ್, ರೀನೊ ಆಂಟೊ ಕೇರಳಕ್ಕೆ, ಅಮ್ರಿಂದರ್ ಮುಂಬೈಗೆ, ಲಿಂಗ್ಡೊ ಕೋಲ್ಕತ್ತಕ್ಕೆ. ಅದು ಕ್ಲಬ್ಬಿನ ತಪ್ಪಲ್ಲ. ಅದಕ್ಕೇ ಆ ಬೇಸಿಗೆ ನೆನೆದರೆ ದುಃಖ ಆಗುತ್ತೆ, ಸಿಟ್ಟು ಬರಲ್ಲ. 2021, 2023 ಹಾಗಲ್ಲ. ಅವು ಆಯ್ಕೆ ಮಾಡಿಕೊಂಡ ಬೇಸಿಗೆಗಳು.

ಮಾವ: ಸಂಬಳಕ್ಕೆ ಮಿತಿ ಇದೆ. ಒಂದು ಕಾಲಕ್ಕೆ ಇಡೀ ತಂಡಕ್ಕೆ 16.5 ಕೋಟಿ. ವಿದೇಶಿಯರು ಆರು, ಒಮ್ಮೆಗೆ ಮೈದಾನದಲ್ಲಿ ನಾಲ್ವರು. ಅಂಗಳ ಇಷ್ಟೇ ಇರುವಾಗ ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನನ್ನು ಬಿಡಬೇಕು.

ಸೊಸೆ: ಎಲ್ಲ ತಂಡಕ್ಕೂ ಅದೇ ಮಿತಿ ತಾನೆ? ಗೋವಾ ಅದೇ ಮಿತಿಯೊಳಗೆ ಉದಾಂತನನ್ನೂ ಝಿಂಗನನ್ನೂ ಇಟ್ಟುಕೊಂಡಿತು. ದುಡ್ಡು ಎಷ್ಟು ಅನ್ನೋದು ಅವರ ಲೆಕ್ಕ, ನನಗೆ ಬೇಡ. ಪ್ರತಿ ಜೂನ್‌ನಲ್ಲಿ ಹೊಸ ಹೆಸರು ಬಂದಾಗ ಎಲ್ಲರೂ ಕೇಳೋದು, ಯಾರು ಬಂದರು, ಎಲ್ಲಿಂದ ಬಂದರು, ಎಷ್ಟು ಗೋಲು ಹೊಡೆದಿದ್ದಾರೆ. ನಾನು ಈಗ ಮೊದಲು ಕೇಳೋದು ಎಷ್ಟು ವರ್ಷಕ್ಕೆ ಸಹಿ ಅಂತ. ಆಮೇಲೆ, ಅವನು ಬಂದದ್ದರಿಂದ ನಮ್ಮ ಯಾವ ಹುಡುಗನ ನಿಮಿಷಗಳು ಕಡಿಮೆ ಆಗ್ತವೆ ಅಂತ. ರೋಶನ್ ನವೋರೆಮ್ 2021-22ರಲ್ಲಿ ಲೀಗಿನ ಅತ್ಯುತ್ತಮ ಉದಯೋನ್ಮುಖ ಆಟಗಾರ. ಮರುವರ್ಷ ಅದೇ ಪ್ರಶಸ್ತಿ ನಮ್ಮ ಶಿವಶಕ್ತಿಗೆ. ಎರಡು ವರ್ಷ ಸಾಲಾಗಿ ಒಂದೇ ಕ್ಲಬ್ಬಿಗೆ! ಅಂಥ ಹುಡುಗರ ಸುತ್ತ ತಂಡ ಕಟ್ಟಬೇಕಾದ ಬೇಸಿಗೆಯಲ್ಲೇ ಅವರ ಸುತ್ತ ಇದ್ದವರನ್ನೆಲ್ಲ ಬಿಟ್ಟುಕೊಟ್ಟರು. ಶಿವಶಕ್ತಿ ರಾಯ್ ಕೃಷ್ಣನ ಪಕ್ಕದಲ್ಲಿ ಆಡಿ ಗೋಲು ಹೊಡೆಯೋದು ಕಲೀತಿದ್ದ. ಮರುವರ್ಷ ಪಕ್ಕದಲ್ಲಿ ಇನ್ಯಾರೋ.

ಮಾವ: ಹುಡುಗರ ಮಾತು ಬಂದಾಗ ನನಗೆ ಕಾರ್ಲ್‌ಟನ್ ಚಾಪ್‌ಮನ್ ನೆನಪಾಗ್ತಾನೆ. ಬೆಂಗಳೂರಿನ ಹುಡುಗ. ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿಗೆ ಹೋದ, ಅಲ್ಲಿಂದ ಈಸ್ಟ್ ಬೆಂಗಾಲ್. 1993ರಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದ, ಆ ರಾತ್ರಿ ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಆಮೇಲೆ ಜೆಸಿಟಿ, ಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ. ಆಮೇಲೆ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್, ಅಲ್ಲಿ ನಾಯಕನಾಗಿ 2001ರಲ್ಲಿ ಇನ್ನೊಂದು ಲೀಗ್. ಭಾರತದ ನಾಯಕ. ಅಷ್ಟೆಲ್ಲ ಆಡಿದವನಿಗೆ ಸ್ವಂತ ಊರಿನಲ್ಲಿ ಆಡಲಿಕ್ಕೆ ತಕ್ಕ ಕ್ಲಬ್ಬೇ ಇರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡ, ಐವತ್ತು ಕೂಡ ಆಗಿರಲಿಲ್ಲ. ನಮ್ಮ ಕಾಲದಲ್ಲಿ ಬೇಸಿಗೆ ಅಂದರೆ ಯಾರು ಊರು ಬಿಡ್ತಾರೆ ಅನ್ನೋದೊಂದೇ. ಬರುವವರು ಅಂತ ಇರಲೇ ಇಲ್ಲ. ನೀನು ಇಷ್ಟು ಸಿಟ್ಟು ಮಾಡ್ಕೊಳ್ಳೋಕೆ ಒಂದು ಕ್ಲಬ್ಬಾದರೂ ಇದೆ ಅನ್ನೋದು ನನಗೆ ದೊಡ್ಡದು.

ಸೊಸೆ: ನನಗೂ ದೊಡ್ಡದೇ ಮಾವ. ಅದಕ್ಕೇ ಸಿಟ್ಟು. 2024ರ ಸೆಪ್ಟೆಂಬರ್ 14, ಋತುವಿನ ಮೊದಲ ಪಂದ್ಯ, ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು. ನಮ್ಮದೇ ಅಕಾಡೆಮಿಯ ವಿನೀತ್ ವೆಂಕಟೇಶ್ ಗೋಲು ಹೊಡೆದ. 19 ವರ್ಷ. 1-0, ಅದೇ ಗೆಲುವಿನ ಗೋಲು. ವೆಸ್ಟ್ ಬ್ಲಾಕ್ ಅವತ್ತು ಕೂಗಿದ ಹಾಗೆ ಯಾವ ಸ್ಪೇನಿನವನಿಗೂ ಕೂಗಿಲ್ಲ. ಚಾಪ್‌ಮನ್‌ಗೆ ಸಿಗದೆ ಹೋದದ್ದು ಈ ಹುಡುಗನಿಗೆ ಸಿಕ್ಕಿತು ಅಂತ ನೀವು ಹೇಳಿದ ಮೇಲೆ ಈಗ ನನಗೂ ಅನ್ನಿಸ್ತಿದೆ. ಅವನನ್ನು ಒಬ್ಬ ಮೂವತ್ತೈದು ವರ್ಷದವನ ಬದಲಿ ಆಟಗಾರನಾಗಿ ಮೂರು ವರ್ಷ ಬೆಂಚಿನ ಮೇಲೆ ಕೂರಿಸಿದರೆ, ಆಗ ಅವನೂ ಹೋಗ್ತಾನೆ. ಹೋಗಬೇಕು ಕೂಡ.

ಮಾವ: ಕರ್ನಾಟಕ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತಲ್ಲ, 54 ವರ್ಷದ ನಂತರ. 1968-69ರಲ್ಲಿ ಕೊನೆಯ ಸಲ ಗೆದ್ದಾಗ ನಾವಿನ್ನೂ ಮೈಸೂರು ರಾಜ್ಯ. ರಿಯಾದ್‌ನ ಆ ರಾತ್ರಿ ಇಲ್ಲಿ ಮನೆಯಲ್ಲಿ ಒಬ್ಬನೇ ಎದ್ದು ನಿಂತಿದ್ದೆ. ಎರಡು ವಾರಕ್ಕೆ ನಿಮ್ಮ ಫೈನಲ್. ಒಂದೇ ತಿಂಗಳಲ್ಲಿ ರಾಜ್ಯವೂ ಕ್ಲಬ್ಬೂ ಎರಡೂ ಮೇಲೆ. ಆ ಬೇಸಿಗೆಯಲ್ಲಿ ನನಗಿದ್ದ ಆಸೆ, ಇನ್ನು ಬೆಂಗಳೂರು ಲೀಗಿನ ಮೈದಾನದಿಂದ ಕಂಠೀರವಕ್ಕೆ ದಾರಿ ಅಗಲ ಆಗುತ್ತೆ ಅಂತ.

ಸೊಸೆ: ಆಗಬೇಕಿತ್ತು. ಅದು ಲಾಭದ ದಾರಿಯೂ ಹೌದು. ಹುಡುಗನನ್ನು ಬೆಳೆಸಿದ ಕ್ಲಬ್ಬಿಗೆ ಅವನು 23 ವರ್ಷದೊಳಗೆ ಬೇರೆ ಕಡೆ ಹೋದರೆ ತರಬೇತಿಯ ಪರಿಹಾರ ಸಿಗಬೇಕು ಅಂತ ನಿಯಮ ಇದೆ. ಮುಂದೆ ಅವನನ್ನು ಯಾರಾದರೂ ಕೊಂಡಾಗ ಬೆಲೆಯ ಶೇಕಡಾ 5ರಲ್ಲಿ ಅವನು ಆಡಿ ಬೆಳೆದ ಕ್ಲಬ್ಬುಗಳಿಗೆಲ್ಲ ಪಾಲಿದೆ. ದೂರವಾಣಿನಗರದ ಒಂದು ಸಣ್ಣ ಕ್ಲಬ್ಬೂ ಹಾಗೆ ಬದುಕಬಹುದು.

ಮಾವ: ಇಷ್ಟೆಲ್ಲ ಮಾತಾಡಿದೆವು. ಆದರೆ ಈ ಬೇಸಿಗೆಯಲ್ಲಿ ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಅನ್ನೋ ಪ್ರಶ್ನೆಯೇ ಉಳಿದಿಲ್ಲವಲ್ಲಮ್ಮ. ಲೀಗೇ ಇಲ್ಲ.

ಸೊಸೆ: ಜುಲೈ 11ರಂದು ತಡೆ ಹಿಡಿದರು. ಲೀಗ್ ನಡೆಸುವ ಸಂಸ್ಥೆಗೂ ಫುಟ್‌ಬಾಲ್ ಒಕ್ಕೂಟಕ್ಕೂ 2010ರಲ್ಲಿ ಆದ 15 ವರ್ಷದ ಒಪ್ಪಂದ ಈ ಡಿಸೆಂಬರ್ 8ಕ್ಕೆ ಮುಗಿಯುತ್ತೆ. ಮುಂದಿನದ್ದು ಬರೆಯೋಣ ಅಂದರೆ ಒಕ್ಕೂಟದ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದೆ, ಅದು ತೀರ್ಮಾನ ಆಗುವವರೆಗೆ ಕೈ ಹಾಕಬೇಡಿ ಅಂತ. ಮುಗಿಯುವ ತಾರೀಖು 15 ವರ್ಷದಿಂದ ಕಾಗದದ ಮೇಲೆ ಇತ್ತು ಮಾವ. ನಾವು ಆಟಗಾರರ ಒಪ್ಪಂದ ಯಾವಾಗ ಮುಗಿಯುತ್ತೆ ಅಂತ ಲೆಕ್ಕ ಹಾಕ್ತಾ ಕೂತಿದ್ದೆವು. ಇಡೀ ಲೀಗಿನ ಒಪ್ಪಂದ ಮುಗಿಯೋದನ್ನು ನೋಡಬೇಕಾದವರು ನೋಡಲಿಲ್ಲ. ಆಗಸ್ಟ್ ಮೊದಲ ವಾರ, ಛೆಟ್ರಿಗೆ 41 ತುಂಬಿದ ಆಸುಪಾಸಿನಲ್ಲೇ, ನಮ್ಮ ಕ್ಲಬ್ಬು ಮೊದಲ ತಂಡದ ಆಟಗಾರರು, ಸಿಬ್ಬಂದಿ, ಎಲ್ಲರ ಸಂಬಳವನ್ನೂ ಅನಿರ್ದಿಷ್ಟ ಕಾಲ ನಿಲ್ಲಿಸ್ತು. ಕಿರಿಯರ ತಂಡಗಳು, ಮಕ್ಕಳ ಶಾಲೆಗಳು ನಡೆಯುತ್ತವಂತೆ. ಅಷ್ಟಾದರೂ ಹೇಳಿದರು.

ಮಾವ: ಈ ಬಾರಿ ಕಾರಣ ಹೇಳಿದ್ದಾರೆ ಅಲ್ಲವೇ? ಮುಂದೇನು ಅಂತ ಗೊತ್ತಿಲ್ಲದೆ ನಡೆಸಲಿಕ್ಕಾಗಲ್ಲ ಅಂತ.

ಸೊಸೆ: ಹೇಳಿದ್ದಾರೆ. ಮೊದಲ ಸಲ ಒಂದು ಬೇಸಿಗೆಗೆ ಕಾರಣ ಸಿಕ್ಕಿದೆ. ಹಾಗೆ ಹೇಳಿದ್ದಕ್ಕೆ ನಾನು ಮರ್ಯಾದೆ ಕೊಡ್ತೀನಿ. 2023ರಲ್ಲೂ ಹೀಗೆಯೇ ಒಂದು ಪುಟ ಬರೆದಿದ್ದರೆ ನಾವು ಓದ್ತಿದ್ದೆವು, ಒಪ್ಪದೆ ಇದ್ದರೂ ಜೊತೆಗಿರ್ತಿದ್ದೆವು.

ಮಾವ: ನನಗೆ ಆ ಹುಡುಗರ ಯೋಚನೆ. ನಾನು ಇಲ್ಲಿಗೆ ಬಂದ ಕಾಲದಲ್ಲಿ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಕೆಲಸ ಹೋದವನಿಗಿಂತ, ಕೆಲಸ ಇದೆಯೋ ಇಲ್ಲವೋ ಗೊತ್ತಾಗದವನ ಸ್ಥಿತಿ ಕಷ್ಟ. ಬೇರೆ ಕಡೆ ಸೇರಿದರೆ ಬಾಕಿ ಕೈಬಿಟ್ಟ ಹಾಗೆ, ಸೇರದಿದ್ದರೆ ಮನೆ ನಡೆಯಲ್ಲ. ಫುಟ್‌ಬಾಲಿಗನಿಗೆ ಇರೋದೇ ಹತ್ತು-ಹನ್ನೆರಡು ವರ್ಷ. ಅದರಲ್ಲಿ ಒಂದನ್ನು ಹೀಗೆ ಕಳೆದರೆ ಯಾರು ವಾಪಸ್ ಕೊಡ್ತಾರೆ? ಅವರಿಗೆ ಏನು ದಾರಿ?

ಸೊಸೆ: ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಲಿಖಿತವಾಗಿ ತಿಳಿಸಿ, 15 ದಿನ ಕೊಟ್ಟು, ಆಮೇಲೂ ಬರದಿದ್ದರೆ ಒಪ್ಪಂದ ಮುರಿದು ಹೋಗಬಹುದು. ಫಿಫಾ 2018ರಲ್ಲಿ ಸೇರಿಸಿದ ನಿಯಮ. ಅಂದರೆ ಆಗಸ್ಟ್, ಸೆಪ್ಟೆಂಬರ್ ಸಂಬಳ ಬರದೇ ಹೋದರೆ ಅಕ್ಟೋಬರ್ ಹೊತ್ತಿಗೆ ನಮ್ಮ ಇಡೀ ತಂಡ ಬಿಡುಗಡೆ. ಒಂದು ರೂಪಾಯಿ ವರ್ಗಾವಣೆ ಶುಲ್ಕ ಇಲ್ಲದೆ. ರೋಶನ್, ಸುರೇಶ್ ವಾಂಗ್ಜಮ್, ವಿನೀತ್, 2023ರಿಂದ ನಮ್ಮ ಜೊತೆ ನಿಂತಿರೋ ರಯಾನ್ ವಿಲಿಯಮ್ಸ್, ಯಾರು ಬೇಕಾದರೂ.

ಮಾವ: ಹೋದರೆ?

ಸೊಸೆ: ಹೋಗಲಿ. ಸಂಬಳ ಕೊಡುವ ಕಡೆ ಹೋಗಲಿ, ಆಡುವ ಕಡೆ ಹೋಗಲಿ. ಯಾರೊಬ್ಬರನ್ನೂ ಹಾರ್ದಿಕ್‌ನನ್ನು ಕೂಗಿದ ಹಾಗೆ ನಾವು ಕೂಗಲ್ಲ. ಒಬ್ಬೊಬ್ಬರ ಹೆಸರು ಹಿಡಿದು, ಎಷ್ಟು ವರ್ಷ ಇದ್ದರು, ಯಾಕೆ ಹೋಗ್ತಿದ್ದಾರೆ ಅಂತ ಕ್ಲಬ್ಬು ಬರೆದು ಹೇಳಲಿ. ಮತ್ತೆ ಲೀಗ್ ಶುರುವಾದಾಗ ಅಕಾಡೆಮಿಯ ಹುಡುಗರನ್ನೇ ಇಳಿಸಬೇಕಾಗಿ ಬಂದರೆ ಇಳಿಸಲಿ, ಸೋಲಲಿ. ನಾನು ಬೆಂಗಳೂರಿಗೆ ಟಿಕೆಟ್ ತೆಗೆದು ಬರ್ತೀನಿ. ಒಂದೇ ಷರತ್ತು, ಆ ಹುಡುಗರಿಗೆ ಈ ಸಲ ಮೂರು ವರ್ಷಕ್ಕೆ ಸಹಿ ಹಾಕಿಸಿರಬೇಕು.

ಮಾವ: ನಾಲ್ಕು ಅಂತ ಕೇಳು. ಮೂರನೆಯ ವರ್ಷದ ಜನವರಿಯಲ್ಲೇ ಬೇರೆಯವರು ಬಂದು ಮಾತಾಡ್ತಾರೆ.